ಹೊಗೆ ಪೈಪಿನ ಮೀಟರು

ಕಾಲಿಲ್ಲದೆ ಏರು ಹತ್ತುತ್ತೆ, ಪುಸ್ತಕ ಮುಟ್ಟದೆ ರ‍್ಯಾಂಕ್ ತಗೊಳ್ಳುತ್ತೆ, ತಗೊಂಡ ದಿನವೇ ಸಾಯುತ್ತೆ. ಏನು ಹೇಳಿ? ತಲೆ ಕೆರ್ಕೋಬೇಡಿ, ನಿಮ್ಮ ಕೈಲಿ ಆಗಲ್ಲ.

ಈ ಮೂಲಕ ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ, ತೊಂಬತ್ತೇಳನೇ ಇಸವಿಯಲ್ಲಿ ಬಸವನಗುಡಿಯ ನಿವೃತ್ತ ಹೆಡ್‌ಮಾಸ್ಟರು ಶ್ರೀನಿವಾಸಯ್ಯನವರು ಒಂದು ಹಳೇ ಡೀಸೆಲ್ ಬಸ್ಸು ಕೊಂಡು, ಒಳಗೆ ಮಂಚ, ಗ್ಯಾಸ್ ಒಲೆ, ದೇವರ ಗೂಡು ಕೂರಿಸಿ ಅದನ್ನು ಮನೆ ಮಾಡಿದರು. ಅವರ ಹೆಂಡತಿ ಗಿರಿಜಾಂಬಾ ಹುಟ್ಟಿದಾಗಿಂದ ಸಮುದ್ರ ನೋಡಿರಲಿಲ್ಲ. ಹೋಟೆಲ್ ನೀರೂ ಮುಟ್ಟದ ಹೆಂಗಸಾದ್ದರಿಂದ ಅಡಿಗೆಮನೆಯೂ ಜೊತೆಗೇ ಹೊರಡಬೇಕಿತ್ತು.

ಘಟ್ಟದಲ್ಲಿ ಎಂಜಿನ್ ಕಾದು ಕರಗಬಾರದಲ್ಲ? ಅದಕ್ಕೇ ಮೆಕ್ಯಾನಿಕ್ ಮುನಿರಾಮಪ್ಪ ಹೊಗೆ ಹೊರಡೋ ಪೈಪಿಗೆ ತೂತು ಕೊರೆದು, ಶಾಖ ಅಳೆಯೋ ಕಡ್ಡಿ ಇಳಿಸಿ, ವೈರು ಎಳೆದು ಸ್ಟೀರಿಂಗ್ ಪಕ್ಕ ಮೀಟರು ಕೂರಿಸಿದ.

"ಮುಳ್ಳು ಈ ಕೆಂಪು ಗೆರೆ ಮುಟ್ಟಬಾರದು ಸಾರ್. ಆರುನೂರ ಇಪ್ಪತ್ತೈದು."

ಮೇಷ್ಟ್ರು ಕನ್ನಡಕ ಏರಿಸಿದರು. "ಆರುನೂರ ಇಪ್ಪತ್ತೈದಕ್ಕಾ? ಎಸ್ಸೆಸ್ಸೆಲ್ಸಿ ಥರಾನೇ. ಈಗ ಎಷ್ಟು ಬಂದಿದೆ?"

"ಇನ್ನೂರ ಹತ್ತು. ಬಹಳ ಒಳ್ಳೇದು ಸಾರ್."

"ಏನಯ್ಯಾ ಒಳ್ಳೇದು? ಫೇಲು!"

ಬಸ್ಸಿನ ತಪಾಸಣೆಗೆ ಬಂದ ಆರ್‌ಟಿಓ ಇನ್‌ಸ್ಪೆಕ್ಟರ್ ಏಕಾಂತಯ್ಯನವರು ಮೇಷ್ಟ್ರ ಹಳೇ ಶಿಷ್ಯರು. ಗುರುಗಳಿಗೆ ಎದುರಾಡುವುದುಂಟೇ? ನಿಂತಲ್ಲೇ ನಿಯಮ ಹೊರಡಿಸಿದರು: ಶೇಕಡಾ ಮೂವತ್ತೈದಕ್ಕಿಂತ ಕಡಿಮೆ ಅಂಕ ಪಡೆದ ವಾಹನವು ಸಮುದ್ರಕ್ಕೆ ಹೋಗತಕ್ಕದ್ದಲ್ಲ.

"ಒಂಬತ್ತೇ ತಾನೇ ಕಮ್ಮಿ ಬಿದ್ದಿರೋದು. ಗ್ರೇಸ್ ಮಾರ್ಕ್ಸ್ ಕೊಡಪ್ಪಾ," ಅಂದರು ಗಿರಿಜಾಂಬಾ.

"ಅಮ್ಮಾ, ಮೇಷ್ಟ್ರು ನನಗೇ ಕೊಡ್ಲಿಲ್ಲ."

ಮುನಿರಾಮಪ್ಪನಿಗೆ ಜ್ಞಾನೋದಯವಾಯಿತು. ಮಾರನೇ ದಿನವೇ ಶೆಡ್ಡಿಗೆ ಬೋರ್ಡು: "ಡೀಸೆಲ್ ವಾಹನಗಳಿಗೆ ಟ್ಯೂಷನ್. ರಿಸಲ್ಟ್ ಗ್ಯಾರಂಟಿ." ಅಕ್ಕಿಪೇಟೆಯಿಂದ ಮೂಟೆ ತರಿಸಿ ಬಸ್ಸಿಗೆ ಹೇರಿ, ಬೆಳಿಗ್ಗೆ ಸಂಜೆ ಬ್ಯೂಗಲ್ ರಾಕ್ ಪಕ್ಕದ ಏರು ಹತ್ತಿಸಿದ. ನಾನೂರೈವತ್ತು ಬಂತು. ಬೀದಿಯವರೆಲ್ಲ ಹತ್ತಿ ಕೂತರು. ಐನೂರೆಂಬತ್ತು.

"ಪಾಸಾಯ್ತಲ್ರೀ, ಹೊರಡೋಣ ಬನ್ನಿ."

"ಇನ್ನು ನಲವತ್ತೈದು ಬಂದ್ರೆ ರಾಜ್ಯಕ್ಕೇ ಮೊದಲು ಕಣೇ! ಒತ್ತಯ್ಯಾ!"

ಮುನಿರಾಮಪ್ಪ ಒತ್ತಿದ. ಮುಳ್ಳು ಕೆಂಪು ಗೆರೆ ಮುಟ್ಟಿತು. ಎಂಜಿನ್ ಢಬ್ಬೆಂದು ಶಾಶ್ವತವಾಗಿ ಸುಮ್ಮನಾಯಿತು. ಪೇಡ ಹಂಚಲಾಯಿತು. ಏಕಾಂತಯ್ಯನವರು ಪರ್ಮಿಟ್ಟಿಗೆ ಸಹಿ ಮಾಡಿ, ಸತ್ತ ಬಸ್ಸಿಗೆ ಹಾರ ಹಾಕಿದರು. ಟ್ಯೂಷನ್ ಶೆಡ್ಡಿನ ಮುಂದೆ ಲಾರಿಗಳು ಕ್ಯೂ ನಿಂತವು.

ಗಿರಿಜಾಂಬಾ ಪೇಡ ಮುಟ್ಟಲಿಲ್ಲ. ಮೀಟರು, ಕಡ್ಡಿ ಕಿತ್ತು ಕೈಚೀಲಕ್ಕೆ ಹಾಕಿಕೊಂಡು, ಅವಲಕ್ಕಿ ಕಟ್ಟಿಕೊಂಡು ಸರ್ಕಾರಿ ಬಸ್ಸಿನಲ್ಲಿ ಹೊರಟೇಬಿಟ್ಟರು. ಸಮುದ್ರಕ್ಕೆ ಕಡ್ಡಿ ಅದ್ದಿದರು. ಇಪ್ಪತ್ತೆಂಟು.

ಹಿಂದೆಯೇ ಓಡಿ ಬಂದ ಮೇಷ್ಟ್ರು ತಲೆ ಆಡಿಸಿದರು. "ಇಷ್ಟು ನೀರಿಟ್ಕೊಂಡೂ ಫೇಲು, ನೋಡು."

"ಆಗ್ಲಿ ಬಿಡ್ರೀ. ಫೇಲಾದ್ರೂ ಎಷ್ಟು ಚೆನ್ನಾಗಿ ಆಡ್ಕೊಂಡಿದೆ!"

ಈ ಸಮುದ್ರದ ಭಾಗ ಮಾತ್ರ ನಾನೇ ಕಟ್ಟಿದ ಕಥೆ. ಬಸ್ಸು ಇನ್ನೂ ಅದೇ ಏರಲ್ಲಿದೆ, ಗಿರಿಜಾಂಬಾ ಅದರೊಳಗೇ ಸಾರಿಗೆ ಒಗ್ಗರಣೆ ಹಾಕ್ತಾರೆ. ನಾನು ಕಟ್ಟಿದ್ದು ಅವರ ಕಿವಿಗೂ ಬಿದ್ದಿದೆ. ಯಾವಾಗ ಹೊರಡ್ತೀರಿ ಅಂತ ಯಾರಾದ್ರೂ ಕೇಳಿದ್ರೆ, "ಸಮುದ್ರ ಫೇಲಾಗಿದೆಯಂತಲ್ಲ, ಸಪ್ಲಿಮೆಂಟರಿ ಮುಗಿಸ್ಕೊಳ್ಳಲಿ, ಹೋಗ್ತೀನಿ," ಅಂತಾರೆ. ಕೇಳಿದವರೂ, ಅದೂ ಸರಿ ಅಂತಾರೆ.