ಹಳೆ ಸ್ಪೀಕರಿನ ತೂಕದ ಸ್ವರ

ನನ್ನ ಕಿವಿಯ ಬಗ್ಗೆ ನಾನೇ ಹೇಳಿಕೊಳ್ಳಬಾರದು. ಆದರೆ ಬೇರೆ ಯಾರೂ ಹೇಳುವುದಿಲ್ಲವಾದ್ದರಿಂದ ನಾನೇ ಹೇಳುತ್ತೇನೆ! ಮದುವೆಮನೆಯಲ್ಲಿ ಸ್ಯಾಕ್ಸೋಫೋನಿನವನ ಸ್ವರ ಕೂದಲೆಳೆಯಷ್ಟು ಜಾರಿದರೂ ಸಾಕು, ಪಂಕ್ತಿಯಲ್ಲಿ ಕುಳಿತ ನನ್ನ ಕೈಯ ತುತ್ತು ಅಲ್ಲೇ ನಿಲ್ಲುತ್ತದೆ. ಇಂಥ ಅಪೂರ್ವ ಕಿವಿ ಇಪ್ಪತ್ತೈದು ವರ್ಷ ಉಡುಪಿಯ ಸಹಕಾರಿ ಸಂಘದ ಕೌಂಟರಿನಲ್ಲಿ "ಸಾರ್, ಪಾಸ್‌ಬುಕ್ ಪ್ರಿಂಟ್ ಆಗ್ತದಾ?" ಎಂಬ ಒಂದೇ ರಾಗ ಕೇಳಿ ಸವೆಯಿತು. ಕಳೆದ ಏಪ್ರಿಲ್‌ನಲ್ಲಿ ಭೀಷ್ಮಪ್ರತಿಜ್ಞೆ ಮಾಡಿದೆ: ಮಳೆ ಹಿಡಿಯುವುದರೊಳಗೆ ಮನೆಯಲ್ಲಿ ಸೊಂಟದೆತ್ತರದ, ಉತ್ತಮೋತ್ತಮ ಫಾರಿನ್ ಸ್ಪೀಕರ್ ಜೋಡಿ ನಿಲ್ಲಿಸಿಯೇ ಸಿದ್ಧ!

"ಎಲ್ಲಿ ನಿಲ್ಲಿಸ್ತೀರಿ?" ಎಂದಳು ಹೆಂಡತಿ ನಳಿನಾಕ್ಷಿ.

"ಹಾಲ್‌ನ ಕಿಟಕಿ ಮೂಲೆಯಲ್ಲಿ."

ಅವಳ ಮುಖ ಗಂಟಿಕ್ಕಿತು. ನಳಿನಿ ಹಿಂದಿನ ಜಗಲಿಯಲ್ಲಿ ಬ್ಲೌಸ್ ಹೊಲಿಯುವ ಕ್ಲಾಸ್ ನಡೆಸುತ್ತಾಳೆ. ಮಳೆ ಬಂದರೆ ಅಲ್ಲಿ ಎರಚಲು ಹೊಡೆದು ಬಟ್ಟೆಯೂ ಒದ್ದೆ, ಮಿಷನ್ನೂ ಒದ್ದೆ. ಈ ಸಲ ನಾಲ್ಕೂ ಮಿಷನ್‌ಗಳನ್ನು ಅದೇ ಕಿಟಕಿ ಮೂಲೆಗೆ ತರುತ್ತೇನೆಂದು ಹುಡುಗಿಯರಿಗೆ ಮಾತು ಕೊಟ್ಟಿದ್ದಳು.

"ಆಯ್ತು ಮಾರಾಯ್ರೆ, ತಗೊಳ್ಳುವುದಾದರೆ ಹೊಸದೇ ತಗೊಳ್ಳಿ. ಗ್ಯಾರಂಟಿ ಆದ್ರೂ ಉಂಟು. ಬೇರೆಯವರು ಉಪಯೋಗಿಸಿದ್ದು ಬೇಡ."

"ಹೊಸದೋ ಹಳೆಯದೋ, ಅದನ್ನು ನನ್ನ ಕಿವಿ ತೀರ್ಮಾನಿಸುತ್ತದೆ!"

"ಹೌದಾ? ಹಾಗಾದರೆ ಹೆರಾಲ್ಡ್ ಮಾಸ್ಟರು ಬಂದು ಕೇಳಲಿ. ನಿಮ್ಮ ಕಿವಿ ಸರಿ ಅಂತ ಅವರು ಹೇಳಿದರೆ ಮೂಲೆ ನಿಮಗೆ. ಇಲ್ಲದಿದ್ದರೆ ನನ್ನ ಮಿಷನ್‌ಗೆ."

ಹೆರಾಲ್ಡ್ ಮಾಸ್ಟರು ಕಾರ್ಕಳದವರು, ನಳಿನಿಗೆ ಶಾಲೆಯಲ್ಲಿ ಪಾಠ ಹೇಳಿದವರು. ಮೂವತ್ತು ವರ್ಷ ಚರ್ಚಿನಲ್ಲಿ ಹಾಡಿನ ತಂಡ ನಡೆಸಿದ್ದಾರೆ. ನಾನು ಎದೆ ತಟ್ಟಿ ಒಪ್ಪಿದೆ. ಬುದ್ಧಿ ಇರುವವನು ಯಾರಾದರೂ ಒಪ್ಪುತ್ತಿದ್ದನೇ?

ಮೊದಲು ಮಣಿಪಾಲದ ಅಂಗಡಿ. ಎ.ಸಿ. ಕೋಣೆ, ಮೆತ್ತನೆ ಸೋಫಾ, ಆಸ್ಪತ್ರೆಯಲ್ಲಿ ಮಾತಾಡುವಂತೆ ಪಿಸುಗುಡುವ ಸೇಲ್ಸ್‌ಮ್ಯಾನ್. ಸ್ಪೀಕರಿನ ಬೆನ್ನಲ್ಲಿದ್ದ ದುಂಡು ತೂತು ತೋರಿಸಿ, "ಸಾರ್, ಚೆಂಡೆಯ ಗಾಳಿ ಹೊರಗೆ ಬರುವುದು ಇಲ್ಲಿಂದ," ಎಂದ. ನನ್ನ ಪೆನ್‌ಡ್ರೈವಿನ ಚೆಂಡೆ ಹಾಕಿಸಿದೆ. ಪೆಟ್ಟು "ಗುಂಂಂ" ಎಂದು ಬಾಲ ಬಿಟ್ಟಿತು. ಬೆಲೆ ಕೇಳಿದಾಗ ನನ್ನ ಎದೆಯೂ ಅದೇ ಶ್ರುತಿಯಲ್ಲಿ ಗುಂ ಎಂದಿತು!

ಅದೇ ಕಂಪೆನಿಯ ಅದೇ ಮಾಡೆಲ್ ಕಾಪುವಿನಲ್ಲಿ ಅರ್ಧ ಬೆಲೆಗಿತ್ತು. ಮಾರುವವನು ಜಿತೇಶ್, ಮಸ್ಕತ್ತಿನಿಂದ ವಾರದ ಹಿಂದೆ ಊರಿಗೆ ಬಂದವ. ಬೀಚಿನ ಹತ್ತಿರದ ಮನೆ. ಅಂಗಳದಲ್ಲಿ ಮೀನು ಒಣಗುತ್ತಿತ್ತು. ಅವನ ತಾಯಿ ಅಪ್ಪಿಯಕ್ಕ ಕಾಲು ಮುರಿದುಕೊಂಡ ಮಗಳನ್ನು ನೋಡಿಕೊಳ್ಳಲು ಪಡುಬಿದ್ರಿಗೆ ಹೋಗಿದ್ದರು. ಅದೇ ಚೆಂಡೆ ಹಾಕಿದೆ. "ಧಿಂ!" ಒಂದೇ ಪೆಟ್ಟು. ಬಾಲವಿಲ್ಲ! ಬಿಗಿ! ತೂಕ!

"ನೋಡಿದಿಯಾ ಜಿತೇಶ್? ಪೆಟ್ಟಿಗೆಯ ಮರ ಪಕ್ವವಾಗಿದೆ! ಹಳೆ ಉಪ್ಪಿನಕಾಯಿಯ ಹಾಗೆ!"

"ಹೌದಾ ಅಣ್ಣ? ನಾನು ಈ ಸಲ ಬಂದ ಮೇಲೆ ಹಾಕಿ ನೋಡಲೇ ಇಲ್ಲ," ಎಂದ ಆ ಪಾಪದವ. ಅಲ್ಲೇ ಹಣ ಎಣಿಸಿ ಕೊಟ್ಟು ಜೋಡಿಯನ್ನು ನಮ್ಮ ಹಾಲ್‌ಗೆ ತಂದು ನಿಲ್ಲಿಸಿದೆ.

ಪಕ್ವಗೊಂಡ ಮರದ ಸಿದ್ಧಾಂತವನ್ನು ನಾನು ಮರುದಿನವೇ ಸಂಘದ ಎಲ್ಲ ಸಹೋದ್ಯೋಗಿಗಳಿಗೆ ಬೋಧಿಸಿದೆ. ಸಾಲ ಕೇಳಲು ಬಂದಿದ್ದ ಹೆಬ್ರಿಯ ಒಬ್ಬರಿಗೂ ಬೋಧಿಸಿದೆ. ಅವರು ಅರ್ಜಿಯನ್ನೂ ಬಿಟ್ಟು ಹೋದರು.

ಜೂನ್ ಬಂತು, ಮಳೆ ಹಿಡಿಯಿತು. ಒಂದು ಸಂಜೆ ಚೆಂಡೆ ರಂಗೇರಿದ್ದಾಗ ನಳಿನಿ ಬಾಗಿಲಲ್ಲಿ ಬಂದು ನಿಂತಳು.

"ಒಣಮೀನಿನ ವಾಸನೆ ಬರ್ತಾ ಉಂಟು."

"ನಿನ್ನ ಅಡುಗೆಮನೆಯದ್ದು!"

"ಇವತ್ತು ನಾನು ಮಾಡಿದ್ದು ಬೆಂಡೆಕಾಯಿ."

"ಸಂಗೀತ ಕೇಳುವಾಗ ಮೂಗು ಮುಚ್ಚಿಕೊಳ್ಳಬೇಕು ನಳಿನಿ, ಕಿವಿ ತೆರೆಯಬೇಕು!"

ಅವಳಿಗಿಲ್ಲದ ರಸಜ್ಞಾನ ಪಕ್ಕದ ಮನೆಯ ಬೆಕ್ಕಿಗಿತ್ತು. ಸ್ಪೀಕರ್ ಹಾಕಿದೊಡನೆ ಓಡಿ ಬಂದು, ಅದರ ಹಿಂದೆ ಕುಳಿತು, ಕಣ್ಣು ಅರೆಮುಚ್ಚಿ ತಲ್ಲೀನವಾಗುತ್ತಿತ್ತು. ನಾನು ಅದರ ಫೋಟೋ ತೆಗೆದು ವಾಟ್ಸಾಪಿನಲ್ಲಿ ಹಾಕಿದೆ, "ಬೆಕ್ಕಿಗೂ ಗೊತ್ತು ಬೆಲೆ" ಎಂಬ ಒಕ್ಕಣೆಯೊಂದಿಗೆ. ನಲವತ್ತು ಲೈಕ್ ಬಂತು!

ಭಾನುವಾರ ಮಧ್ಯಾಹ್ನ ನ್ಯಾಯಾಧೀಶರು ಬಂದರು. ಛತ್ರಿ ಮಡಚಿ, ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮುಚ್ಚಿದರು. ನಳಿನಿ ಬಾಗಿಲ ಚೌಕಟ್ಟಿಗೆ ಒರಗಿ ಸೆರಗಿನ ತುದಿ ಹಿಂಡುತ್ತಿದ್ದಳು. ನಾನು ಪಕ್ವ ಮರದ ಸಿದ್ಧಾಂತವನ್ನು ಅವರಿಗೂ ಬೋಧಿಸಿ ಚೆಂಡೆ ಹಾಕಿದೆ. ಮೊದಲ ಪೆಟ್ಟಿಗೇ ಮಾಸ್ಟರ ಮೂಗು ಮೇಲೆದ್ದಿತು.

"ಲೀಲಾಧರ, ಸ್ವಲ್ಪ ಜೋರು ಮಾಡು."

ಮಾಡಿದೆ.

"ಇನ್ನೂ ಸ್ವಲ್ಪ."

ನನ್ನ ಎದೆ ಉಬ್ಬಿ ಅಂಗಿಯ ಗುಂಡಿ ಕಳಚುವುದೊಂದು ಬಾಕಿ! ಮಾಸ್ಟರು ಕಣ್ಣು ತೆರೆಯದೆಯೇ ನಿಧಾನವಾಗಿ ಹೇಳಿದರು:

"ಎಡಗಡೆಯಿಂದ ಸಿಗಡಿ. ಬಲಗಡೆಯಿಂದ ನಂಗ್ ಮೀನು. ಎರಡೂ ಬೇರೆ ಬೇರೆಯಾಗಿ ಸ್ಪಷ್ಟ ಬರ್ತದೆ."

ನಳಿನಿ ಸ್ಪೀಕರಿನ ಹಿಂದೆ ಹೋದಳು, ಬಳೆ ಹಿಂದೆ ಸರಿಸಿ ಆ ದುಂಡು ತೂತಿನೊಳಗೆ ಮೊಣಕೈವರೆಗೆ ಕೈ ಹಾಕಿದಳು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ನೂಲಿನಿಂದ ಕಟ್ಟಿದ ಒಂದು ಕಟ್ಟು ಹೊರಬಂತು. ಇನ್ನೊಂದು. ಮತ್ತೊಂದು! ಜಾದೂಗಾರನ ಟೊಪ್ಪಿಯಿಂದ ಬಂದ ಹಾಗೆ ಎರಡೂ ಸ್ಪೀಕರಿನಿಂದ ಸೇರಿ ಹನ್ನೊಂದು ಕಟ್ಟು! ನಾನು ಒಂದೊಂದನ್ನೇ ಎಣಿಸಿದೆ. ಬೆಕ್ಕು "ನನಗೆ ಮೊದಲೇ ಗೊತ್ತಿತ್ತು" ಎಂಬಂತೆ ಕೂಗಿತು.

ಜಿತೇಶನಿಗೆ ಫೋನ್ ಮಾಡಿದೆ. ಅವನ ತಾಯಿ ಅಪ್ಪಿಯಕ್ಕನೇ ಎತ್ತಿದರು. ನಾನು ಸ್ಪೀಕರ್ ಎಂದೆನಷ್ಟೆ.

"ನೀವಾ ತಗೊಂಡದ್ದು? ನಿನ್ನೆ ಪಡುಬಿದ್ರಿಯಿಂದ ಬಂದು ನೋಡ್ತೇನೆ, ಪೆಟ್ಟಿಗೆಯೇ ಇಲ್ಲ! ಮಳೆಗೆ ಬೋಟ್ ಬಂದ್ ಆಗುವ ಮೊದಲು, ಆಟಿಯ ಮಳೆ ತಿಂಗಳಿಗೆ ಅಂತ ಮೀನು ಒಣಗಿಸಿ ಅದರೊಳಗೆ ಇಟ್ಟದ್ದು ನಾನು. ಇಡೀ ಮನೆಯಲ್ಲಿ ಬೆಕ್ಕಿಗೆ ಸಿಗದ ಜಾಗ ಅದೊಂದೇ! ಎಷ್ಟು ಕಟ್ಟು ಉಂಟು?"

"ಹನ್ನೊಂದು."

"ಹನ್ನೆರಡು! ಇನ್ನೊಮ್ಮೆ ಕೈ ಹಾಕಿ ನೋಡಿ!"

ನೋಡಿದರೆ ಇತ್ತು.

ಖಾಲಿಯಾದ ಸ್ಪೀಕರಿಗೆ ಮತ್ತೆ ಅದೇ ಚೆಂಡೆ ಹಾಕಿದೆ. "ಗುಂಂಂ!" ಮಣಿಪಾಲದ ಅಂಗಡಿಯದ್ದೇ ಬಾಲ, ಒಂದಿಂಚೂ ಕಡಿಮೆಯಿಲ್ಲ.

"ಸ್ಪೀಕರ್ ಒಳ್ಳೆಯದೇ ಮಾರಾಯ, ಹೊಸದಕ್ಕೂ ಇದಕ್ಕೂ ಎಂತ ವ್ಯತ್ಯಾಸವೂ ಇರಲಿಕ್ಕಿಲ್ಲ," ಎಂದರು ಮಾಸ್ಟರು.

ಹೋದ ಜೀವ ಬಂತು! "ಹಾಗಾದರೆ ಮಾಸ್ಟ್ರೇ, ಮೂಲೆ..."

"ಪಂಥ ಸ್ಪೀಕರಿನದ್ದಲ್ಲ, ಕಿವಿಯದ್ದು ಅಲ್ವಾ? ನೀನು ಮರ ಅಂದದ್ದು ಮೀನು!"

ಮರುದಿನ ಅಪ್ಪಿಯಕ್ಕ ಬಸ್ಸಿನಲ್ಲಿ ಬಂದು ಹನ್ನೆರಡೂ ಕಟ್ಟನ್ನು ಮೂಸಿ ನೋಡಿ ಚೀಲಕ್ಕೆ ತುಂಬಿಸಿಕೊಂಡು ಹೋದರು. ಹೊಲಿಗೆ ಮಿಷನ್‌ಗಳು ಮೆರವಣಿಗೆಯಲ್ಲಿ ಕಿಟಕಿ ಮೂಲೆಗೆ ಬಂದವು. ನಳಿನಿ ಅಷ್ಟು ಖುಷಿಯಲ್ಲಿದ್ದದ್ದನ್ನು ನಾನು ಬಹಳ ವರ್ಷಗಳಿಂದ ನೋಡಿರಲಿಲ್ಲ. ಸ್ಪೀಕರ್‌ಗಳೂ ನಾನೂ ಟಾರ್ಪಾಲು ಹೊದ್ದು ಹಿಂದಿನ ಜಗಲಿಗೆ ಹೋದೆವು.

ಆದರೂ ಆ "ಧಿಂ" ನನ್ನನ್ನು ಬಿಡಲಿಲ್ಲ. ನಿಜ ಹೇಳುತ್ತೇನೆ, ಅದು ಚೆನ್ನಾಗಿಯೇ ಇತ್ತು! ತೂತಿಗೆ ಹಳೆ ಲುಂಗಿ ತುರುಕಿದೆ, ದಿಂಬಿನ ಹತ್ತಿ ತುರುಕಿದೆ. ಬರಲಿಲ್ಲ. ಯಾರಿಗೂ ಹೇಳದೆ ಒಳಗೊಳಗೇ ಕೊರಗಿದೆ.

ಶನಿವಾರ ನಳಿನಿಯ ಹಿಂದೆ ಚೀಲ ಹಿಡಿದು ಮಾರ್ಕೆಟ್ಟಿಗೆ ಹೋದೆ. ಒಣಮೀನು ಮಾರುವ ಸುಗಂಧಿಯಕ್ಕನ ಮುಂದೆ ಸಿಗಡಿಯ ರಾಶಿಯನ್ನು ನೋಡುತ್ತ, ನಿಟ್ಟುಸಿರನ್ನೂ ಬಿಡದೆ ಗಂಭೀರವಾಗಿ ನಿಂತಿದ್ದೆ.

"ಎಷ್ಟು ಹಾಕಲಿ ನಳಿನಕ್ಕ?"

ನಳಿನಿ ನನ್ನ ಮುಖವನ್ನೊಮ್ಮೆ ನೋಡಿದಳು. ಆಮೇಲೆ ಇಡೀ ಮಾರ್ಕೆಟ್ಟಿಗೆ ಕೇಳುವಂತೆ ಹೇಳಿದಳು:

"ಚಟ್ನಿಗೆ ಕಾಲು ಕಿಲೋ ಸಾಕು. ಎರಡು ಕಿಲೋ ಬೇರೆಯೇ ಕಟ್ಟಿ ಸುಗಂಧಿಯಕ್ಕ, ಇವರಿಗೆ ಸಂಗೀತ ಕೇಳಲಿಕ್ಕೆ ಉಂಟು!"