ಅಡೆತಡೆಯಿಲ್ಲದ ತಾಂಬಾ ದಾರಿ

ಇಂಡಿ,
ಸಂಕ್ರಾಂತಿಯ ಮರುದಿನ, ೧೯೭೪

ಪೆಟ್ರೋಲ್ ಉಳಿತಾಯ ಸೈಕಲ್ ಸಪ್ತಾಹದ ಮಾರ್ಗ ನಿರ್ಧರಣಾಧಿಕಾರಿಗಳ ದಿವ್ಯ ಸನ್ನಿಧಾನಕ್ಕೆ,

ಮಾನ್ಯರೇ,

ಇಂಡಿ ಪೇಟೆಯ ನಿಂಬೆಕಾಯಿ ವ್ಯಾಪಾರಿ ಬಸಂತರಾಯನ ಶರಣುಶರಣಾರ್ಥಿಗಳನ್ನು ಸ್ವೀಕರಿಸಬೇಕು. ತಾವು, ತಮ್ಮ ಕುಟುಂಬದವರು, ತಮ್ಮ ಜೀಪು ಮತ್ತು ಅದರ ಚಾಲಕರು ಎಲ್ಲರೂ ಸುಖವಾಗಿದ್ದೀರೆಂದು ನಂಬಿದ್ದೇನೆ. ನಮ್ಮ ಕಡೆ ಬೆಳೆ ಚೆನ್ನಾಗಿದೆ, ನನ್ನ ಹೊಟ್ಟೆಯೂ ಈಗ ತಹಬಂದಿಗೆ ಬಂದಿದೆ. ಈ ಪತ್ರದ ಒಂದು ಪ್ರತಿಯನ್ನು ಬಸ್ ನಿಲ್ದಾಣದ ಗೋಡೆಗೆ ಅಂಟಿಸಿದ್ದಕ್ಕೆ ಕ್ಷಮೆಯಿರಲಿ. ತಮ್ಮ ಕರಪತ್ರವೂ ಅಲ್ಲೇ ಇರುವುದರಿಂದ ಉತ್ತರ ಅದರ ಮಗ್ಗುಲಲ್ಲಿದ್ದರೆ ಶೋಭೆ ಎನಿಸಿತು.

ಪೆಟ್ರೋಲು ತುಟ್ಟಿಯಾಗಿದೆ, ಪ್ರಜೆಗಳು ಸೈಕಲ್ ತುಳಿಯಬೇಕು ಎಂದು ಸಾರುವುದಕ್ಕಾಗಿ ತಾವು ಜೀಪಿನಲ್ಲಿ ಊರೂರು ತಿರುಗಿ, ‘ನಿಸರ್ಗರಮಣೀಯ ಇಂಡಿಯ ಸುತ್ತಮುತ್ತ ಸರ್ವ ಸಾಮರ್ಥ್ಯದವರಿಗೂ ಸೈಕಲ್ ಮಾರ್ಗಗಳು’ ಎಂಬ ಆ ಕರಪತ್ರವನ್ನು ಹೊರಡಿಸಿದಾಗ ನಾವೆಲ್ಲ ಗುಂಪುಗೂಡಿ ಓದಿದೆವು. ಇಂಡಿ ನಿಸರ್ಗರಮಣೀಯವೆಂಬ ಸಂಗತಿ ಇಲ್ಲೇ ಹುಟ್ಟಿ ಬೆಳೆದ ನಮಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ವೀರರು ಇಂಡಿಯಿಂದ ಬಸವನ ಬಾಗೇವಾಡಿ ಹಾಯ್ದು ಮುದ್ದೇಬಿಹಾಳಕ್ಕೆ ಹೋಗಬೇಕು, ಸಾಧಾರಣರು ಸಿಂದಗಿಯಿಂದ ಬಾಗೇವಾಡಿಗೆ ಹೋಗಬೇಕು, ‘ವಯಸ್ಸಾದವರು ಹಾಗೂ ಸ್ಥೂಲಕಾಯರು’ ಮಾತ್ರ ಇಂಡಿಯಿಂದ ತಾಂಬಾಕ್ಕೆ ಹೋಗಿ ಸುಧಾರಿಸಿಕೊಳ್ಳಬೇಕು ಎಂದು ತಾವು ನಮ್ಮ ಕಾಲುಗಳ ಯೋಗ್ಯತೆಯನ್ನು ಕುಳಿತಲ್ಲಿಂದಲೇ ಅಳೆದಿರಿ. ತಾಂಬಾ ಮಾರ್ಗದ ಬಗ್ಗೆ ಬರೆದದ್ದಂತೂ ನನಗೆ ಬಾಯಿಪಾಠವಾಗಿದೆ: ‘ಏರಿಲ್ಲ, ಇಳಿವಿಲ್ಲ, ಕಾಡುಪ್ರಾಣಿಗಳ ಭಯವಿಲ್ಲ, ಸವಾರನನ್ನು ತಡೆಯುವಂಥ ಯಾವ ಅಡೆತಡೆಯೂ ಇಲ್ಲ.’ ನನ್ನ ಹೊಟ್ಟೆಯ ಸುತ್ತಳತೆಯನ್ನು ನೋಡಿದ ತಮ್ಮ ಗುಮಾಸ್ತರು ನಾನು ಕೇಳುವ ಮೊದಲೇ ನನ್ನ ಹೆಸರನ್ನು ಆ ಮಾರ್ಗಕ್ಕೇ ಬರೆದುಕೊಂಡರು.

ನಾನೂ ಬೇಡವೆನ್ನಲಿಲ್ಲ, ಏಕೆಂದರೆ ನನ್ನ ಕಣ್ಣು ಆ ಮಾರ್ಗದಲ್ಲಿ ತಾವು ಏರ್ಪಡಿಸಿದ್ದ ಪಂದ್ಯದ ಬಹುಮಾನದ ಮೇಲಿತ್ತು. ಹೆಂಗಸರು ಭಾಗವಹಿಸತಕ್ಕದ್ದಲ್ಲ ಎಂಬ ನಿಯಮವಿದ್ದ ಪಂದ್ಯಕ್ಕೆ ಹೆಂಗಸರ ಸೈಕಲ್ಲನ್ನೇ ಬಹುಮಾನವಾಗಿ ಇಟ್ಟ ತಮ್ಮ ದೂರದೃಷ್ಟಿ ಯಾರಿಗೆ ತಿಳಿಯದಿದ್ದರೂ ನನಗೆ ತಿಳಿಯಿತು. ನನ್ನ ಹೆಂಡತಿ ಸಾವಿತ್ರವ್ವ ಇಲ್ಲಿಂದ ಮೂರು ಮೈಲಿ ಆಚೆಯ ವಸ್ತಿ ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರು; ಬಸ್ಸಿಲ್ಲ, ಟೆಂಪೋ ಇಲ್ಲ, ಮುಂಜಾನೆ ಸಂಜೆ ನಡೆದೇ ಹೋಗಿ ಬರುತ್ತಾಳೆ, ಮನೆಗೆ ಬಂದು ಕಾಲು ಒತ್ತಿಕೊಳ್ಳುವುದನ್ನು ನಾನು ನೋಡಿಯೂ ನೋಡದವನ ಹಾಗೆ ಇರಬೇಕಾಗುತ್ತದೆ. ಒಂದು ಸೈಕಲ್ ಕೊಳ್ಳೋಣವೆಂದರೆ ನನ್ನ ತಾಯಿ ಬಾಳಮ್ಮ, “ಸೊಸಿಗೆ ಸೈಕಲ್ ಕೊಡಿಸಿದ್ರ ಮಂದಿ ನಗತಾರ. ಗೆದ್ದು ತಂದ್ರ ಬ್ಯಾರೆ ಮಾತ, ಗೆದ್ದದ್ದಕ್ಕ ಯಾರೂ ಏನೂ ಅನ್ನಂಗಿಲ್ಲ” ಎಂದು ಶಾಸನ ಬರೆಸಿಬಿಟ್ಟಿದ್ದಳು. ಹೀಗಾಗಿ ಆ ಸೈಕಲ್ಲನ್ನು ಗೆಲ್ಲುವುದೊಂದೇ ನನಗಿದ್ದ ದಾರಿ, ಆ ದಾರಿ ತಾಂಬಾದ್ದಾಗಿತ್ತು.

ಮಾನ್ಯರೇ, ತಾವು ಪಂದ್ಯಕ್ಕೆ ಎಳ್ಳ ಅಮವಾಸಿಯ ದಿನವನ್ನು ಗೊತ್ತುಪಡಿಸಿದಾಗ ನಮ್ಮಲ್ಲಿ ಯಾರೂ ತುಟಿ ಬಿಚ್ಚಲಿಲ್ಲ. ಪ್ರಜೆಗಳ ನಂಬಿಕೆ ಹಾಗಿತ್ತು: ಸಾಹೇಬರು ತಿಳಿದೇ ಮಾಡಿರಬೇಕು, ಇದೂ ಪರೀಕ್ಷೆಯ ಒಂದು ಭಾಗವಿರಬೇಕು. ಆ ದಿನ ನಮ್ಮ ಕಡೆ ಊರಿಗೆ ಊರೇ ಖಾಲಿಯಾಗಿ ಹೊಲದಲ್ಲಿರುತ್ತದೆ, ಬೆಳೆಗೆ ಪೂಜೆ ಮಾಡಿ, ನೈವೇದ್ಯವನ್ನು ಹೊಲದ ತುಂಬ ಚರಗ ಚೆಲ್ಲಿದ ಮೇಲೆ ಬುತ್ತಿ ಬಿಚ್ಚುತ್ತಾರೆ, ಮತ್ತು ದಾರಿಯಲ್ಲಿ ಹೋಗುವವನು ಯಾರೇ ಆಗಲಿ, ಯಾವ ಜಾತಿಯವನೇ ಆಗಲಿ, ಅವನನ್ನು ಕರೆದು ಉಣಿಸದೆ ಬಿಟ್ಟರೆ ಭೂಮಿತಾಯಿ ಮುನಿಯುತ್ತಾಳೆಂದು ತಿಳಿಯುತ್ತಾರೆ. ಅದರಲ್ಲೂ ಎರಡು ವರ್ಷ ಒಣಗಿದ ಮೇಲೆ ಈ ಸಲ ಜೋಳ ಆಳುದ್ದ ನಿಂತಿತ್ತು. ಹೋದ ವರ್ಷ ಕರೆಯಲಾರದೆ ತಲೆ ತಗ್ಗಿಸಿ ಕುಳಿತವರೇ ಈ ವರ್ಷ ಬದುವಿನ ಮೇಲೆ ನಿಂತು ಕೈ ಬೀಸುತ್ತಿದ್ದರು. ಅಂಥವರ ಮುಂದೆ ಸೈಕಲ್ ಗಂಟೆ ಬಾರಿಸಿಕೊಂಡು ಹೋಗುವ ಕಲ್ಲೆದೆ ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ.

ಮುದ್ದೇಬಿಹಾಳದ ವೀರರು ಮೊದಲನೆಯ ಊರನ್ನೇ ದಾಟಲಿಲ್ಲವೆಂದು ಆಮೇಲೆ ತಿಳಿಯಿತು. ನಮ್ಮ ಮಾರ್ಗದಲ್ಲಿ ಬಾಡಿಗೆ ಸೈಕಲ್ ಅಂಗಡಿಯ ಮೈಬೂಬ ಎಲ್ಲರಿಗಿಂತ ಮುಂದಿದ್ದ. ವಯಸ್ಸಾದವರ ಲೆಕ್ಕದಲ್ಲಿ ಸೇರಿದ್ದರೂ ಅವನ ಕಾಲು ಎತ್ತಿನ ಕಾಲು. ಅವನನ್ನು ಮೊದಲ ಹೊಲದವರು, “ಮೈಬೂಬಣ್ಣ, ಒಂದ ತುತ್ತ ತಿಂದ ಹೋಗೋ” ಎಂದು ಕರೆದರು, ಅವನು ಒಂದೇ ತುತ್ತಿಗೆಂದು ಇಳಿದು ಹೋದವನು ಸಂಜೆ ಎತ್ತಿನ ಗಾಡಿಯಲ್ಲಿ ಸೈಕಲ್ ಸಮೇತ ಮನೆ ಸೇರಿದ. ನಾನು ತಲೆ ತಗ್ಗಿಸಿಕೊಂಡು, ವಚನ ಗುನುಗುತ್ತ, ಕಿವುಡನಂತೆ ಸಾಗಿದೆ. ಆದರೂ ಒಂದು ಕಡೆ ಸಜ್ಜೆ ಕಡುಬು, ಒಂದು ಕಡೆ ಎಳ್ಳು ಹಚ್ಚಿದ ರೊಟ್ಟಿಗೆ ಭಜ್ಜಿ, ಮತ್ತೊಂದು ಕಡೆ ಬರೀ ಮಜ್ಜಿಗೆ ಎಂದು ಹೇಳಿ ಕರೆದು ಕೂಡ್ರಿಸಿ ಅನ್ನದ ಬಾನ ಬಡಿಸಿದರು. ಅಷ್ಟಾದರೂ ನಾನೇ ಮುಂದಿದ್ದೆ ಎನ್ನುವುದನ್ನು ತಾವು ಗಮನಿಸಬೇಕು.

ತಾಂಬಾ ಇನ್ನು ಒಂದು ಹರದಾರಿ ಇದೆ ಎನ್ನುವಾಗ ದಾರಿಯ ನಟ್ಟನಡುವೆ ರುಮಾಲು ಸುತ್ತಿ ನಿಂತಿದ್ದವರು ನನ್ನ ಮಾವನವರಾದ ಗುರುಲಿಂಗಪ್ಪನವರು. ಹೆಣ್ಣು ಕೊಟ್ಟ ಮಾವನ ಮುಂದೆ ಸೈಕಲ್ ಹತ್ತಿಕೊಂಡು ಹೋದ ಅಳಿಯನನ್ನು ನಮ್ಮ ಕಡೆ ಯಾರೂ ಮತ್ತೆ ಮನೆಗೆ ಕರೆಯುವುದಿಲ್ಲ, ಆದ್ದರಿಂದ ಇಳಿದೆ. “ಪಂದ್ಯ ಐತ್ರಿ” ಎಂದರೆ, “ಇರಲ್ರಿ, ತಾಂಬಾ ಏನ್ ಎದ್ದು ಓಡಿ ಹೋಗತೈತೇನ್ರಿ? ಉಂಡ ಹೋಗ್ರಿ” ಎಂದು ಹ್ಯಾಂಡಲ್ ಹಿಡಿದರು. ಅತ್ತೆಯವರು ಶೇಂಗಾ ಹೋಳಿಗೆಯ ಮೇಲೆ ತುಪ್ಪ ಸುರಿದರು, ನಾನು ಕೈ ಅಡ್ಡ ಹಿಡಿದರೆ ಕೈಯ ಮೇಲೆಯೇ ಸುರಿದರು. ಊಟ ಮುಗಿದು ಎದ್ದಾಗ ಸೈಕಲ್ಲಿನ ಮೇಲೆ ಕಾಲು ಹಾಕಲು ಹೋದೆ. ಕಾಲು ಮೇಲೇಳಲಿಲ್ಲ, ಹೊಟ್ಟೆ ಬಿಡಲಿಲ್ಲ. ಹಿಂದೆ ದೂರದಲ್ಲಿ ಇನ್ನಿಬ್ಬರು ಸ್ಥೂಲಕಾಯರು ಬರುತ್ತಿರುವುದು ಕಾಣಿಸಿತು. ನಿಜ ಹೇಳುತ್ತೇನೆ, ನನಗೆ ಅಳು ಬಂತು.

ಹಬ್ಬಕ್ಕೆಂದು ತವರಿಗೆ ಬಂದಿದ್ದ ಸಾವಿತ್ರವ್ವ ಸೀರೆಯ ಕಚ್ಚೆ ಬಿಗಿದು, ಚಿಕ್ಕವಳಿದ್ದಾಗ ಅಪ್ಪನ ಸೈಕಲ್ಲನ್ನು ಇದೇ ಹೊಲದಲ್ಲಿ ಓಡಿಸಿದ್ದ ಧೈರ್ಯದ ಮೇಲೆ ನನ್ನ ಸೈಕಲ್ಲನ್ನು ಕಸಿದುಕೊಂಡು, “ಹಿಂದ ಕೂಡ್ರಿ, ಗಟ್ಟಿ ಹಿಡಕೋರಿ” ಎಂದಳು. ನಾನು ಕೂತೆ. ಉಳಿದ ದಾರಿಯ ಎರಡೂ ಕಡೆ ಹೊಲಗಳಿದ್ದವು, ಹೊಲದ ತುಂಬ ಜನರಿದ್ದರು, ಬುಟ್ಟಿಯ ತುಂಬ ರೊಟ್ಟಿಯಿತ್ತು. ಆದರೆ ಹೆಣ್ಣುಮಗಳು ಸೈಕಲ್ ತುಳಿಯುವುದನ್ನೂ, ಗಂಡ ಹಿಂದೆ ಮೂಟೆಯಂತೆ ಕೂತಿರುವುದನ್ನೂ ನೋಡಿ ಅವರು ಬಾಯಿ ತೆರೆದವರು ತೆರೆದೇ ಇದ್ದರು, ಒಬ್ಬರಿಗೂ ಊಟಕ್ಕೆ ಕರೆಯುವ ನೆನಪಾಗಲಿಲ್ಲ. ತಾಂಬಾ ದಾರಿ ಅಂದು ಅವಳೊಬ್ಬಳಿಗೆ ಮಾತ್ರ ಅಡೆತಡೆಯಿಲ್ಲದ ಮಾರ್ಗವಾಯಿತು. ನನಗೆ ನಾಚಿಕೆಯಾಗಬೇಕಾಗಿತ್ತು. ಆದರೆ ನಾನು ಹಿಂದೆ ಕೂತು ಅವಳ ಬೆನ್ನು ನೋಡುತ್ತ ಹಿಗ್ಗಿ ಹೀರೇಕಾಯಿಯಾದೆ.

ಎಲ್ಲರಿಗಿಂತ ಮೊದಲು ತಾಂಬಾದ ಗುರಿಯ ಹಗ್ಗ ಮುಟ್ಟಿದ ನಮ್ಮನ್ನು ತಾವು ಬೇವಿನ ನೆರಳಿನಿಂದ ಎದ್ದು ಬಂದು ವಿಚಾರಿಸಿದಿರಿ. ಊರವರು ಪ್ರೀತಿಯಿಂದ ಕಳಿಸಿದ್ದ ಬುಟ್ಟಿಗಳು ಜೀಪಿನ ಹಿಂಭಾಗವನ್ನು ತುಂಬಿದ್ದವು, ಬಹುಮಾನದ ಸೈಕಲ್ ಮರಕ್ಕೆ ಆತುಕೊಂಡು ನಿಂತಿತ್ತು. ಹೆಸರು ಬರೆಸಿದವನು ತುಳಿದಿಲ್ಲ, ತುಳಿದವಳು ಹೆಸರು ಬರೆಸಿಲ್ಲ, ಆದ್ದರಿಂದ ಯಾರೂ ಬಂದಿಲ್ಲವೆಂದು ತೀರ್ಮಾನಿಸಬೇಕಾಗುತ್ತದೆ ಎಂದು ತಾವು ಅಪ್ಪಣೆ ಕೊಡಿಸಿದಿರಿ. “ನಾನೂ ಬಂದಿಲ್ಲ, ಇವರೂ ಬಂದಿಲ್ಲ ಅಂದ್ರ, ಈ ಸೈಕಲ್ ತಾನ ಬಂತೇನ್ರಿ ಸಾಹೇಬ್ರ?” ಎಂದು ಸಾವಿತ್ರವ್ವ ಕೇಳಿದ್ದಕ್ಕೆ ತಾವು, ಬಹುಮಾನವು ಮುಂದಿನ ಆದೇಶದವರೆಗೆ ಸರಕಾರದ ಸುಪರ್ದಿಯಲ್ಲಿರುತ್ತದೆ ಎಂದಿರಿ. ದೇವರು ಕೊಟ್ಟರೂ ಪೂಜಾರಿ ಕೊಡ ಎಂದು ಕೆಲವರು ಹಿಂದಿನಿಂದ ಅಂದರು. ನಾನು ಮಾತ್ರ ಅನ್ನಲಿಲ್ಲ, ಅಂದವರಿಗೆ ಹೌದೆಂದೆ ಅಷ್ಟೆ.

ಆದ್ದರಿಂದ ತಮ್ಮಲ್ಲಿ ವಿನಂತಿ. ಮುಂದಿನ ಕರಪತ್ರದಲ್ಲಿ ಮಾರ್ಗಗಳನ್ನು ಕಾಲಿನ ಬಲದ ಮೇಲೆ ವಿಂಗಡಿಸದೆ ಬೀಗರ ಬಲದ ಮೇಲೆ ವಿಂಗಡಿಸಬೇಕು. ಮುದ್ದೇಬಿಹಾಳದ ಕಡೆ ನನಗೆ ನೆಂಟರೇ ಇಲ್ಲದ್ದರಿಂದ ಅದು ನನಗೆ ಸುಲಭ ಮಾರ್ಗ. ಅದಾಗದಿದ್ದರೆ ನನ್ನ ಮಾವನವರ ಹೊಲವನ್ನು ರಸ್ತೆಯಿಂದ ಎರಡು ಮೈಲಿ ಒಳಕ್ಕೆ ಸರಿಸಿ ಕೊಡಬೇಕು. ಅದೂ ಕಷ್ಟವಾದರೆ, ಹೊಲದಿಂದ ಕರೆಯುವವರು ತಹಶೀಲ್ದಾರರ ಮುಖಾಂತರ ಲಿಖಿತವಾಗಿಯೇ ಕರೆಯತಕ್ಕದ್ದೆಂದು ಆಜ್ಞೆ ಹೊರಡಿಸಬೇಕು. ಅದು ಬರುವಷ್ಟರಲ್ಲಿ ಸವಾರ ತಾಂಬಾ ಮುಟ್ಟಿರುತ್ತಾನೆ. ಇವು ಯಾವುವೂ ಸಾಧ್ಯವಿಲ್ಲದಿದ್ದರೆ, ಗೆದ್ದವಳು ಗೆದ್ದಳೆಂದು ಒಂದು ಮಾತು ಹೇಳಬೇಕು. ಹೇಳಿದರೆ ಸರಕಾರಕ್ಕೆ ಏನೂ ಖರ್ಚಿಲ್ಲ.

ಇಂತಿ, ಹೊಟ್ಟೆತುಂಬ ಉಂಡು ಸೋತ ತಮ್ಮ ವಿಶ್ವಾಸಿ,
ಬಸಂತರಾಯ

ತಾ.ಕ.: ಅಂದು ಜೀಪಿನಲ್ಲಿ ಬುಟ್ಟಿಗಳಿಗೇ ಜಾಗ ಸಾಲದೆ, ಸರಕಾರದ ಸುಪರ್ದಿಯ ಆ ಸೈಕಲ್ಲನ್ನು ತಾವು ನನ್ನ ಮಾವನವರ ಕೊಟ್ಟಿಗೆಯಲ್ಲೇ ಬಿಟ್ಟು ಹೋದದ್ದು ತಮಗೆ ನೆನಪಿರಬಹುದು. ಎತ್ತುಗಳು ಅದರ ಸೀಟನ್ನು ನೆಕ್ಕತೊಡಗಿದ್ದರಿಂದ ಅವರು ಅದನ್ನು ನಮ್ಮ ಮನೆಗೆ ಕಳಿಸಿದ್ದಾರೆ. ನಿಂತ ಸೈಕಲ್ ತುಕ್ಕು ಹಿಡಿಯುತ್ತದೆಂದು ಮೈಬೂಬ ಹೇಳಿದ ಮೇಲೆ ಸಾವಿತ್ರವ್ವ ದಿನಾಲು ಅದನ್ನು ಶಾಲೆಯವರೆಗೆ ಓಡಿಸಿ ತರುತ್ತಾಳೆ. “ಸರಕಾರಿ ಮಾಲು ಕೆಟ್ರ ನಮ್ಮ ಮ್ಯಾಲ ಬರತೈತಿ, ಲಗೂನ ಹೋಗವಾ” ಎಂದು ಹ್ಯಾಂಡಲ್ಲಿಗೆ ವಿಭೂತಿ ಹಚ್ಚಿ ಕಳಿಸುವವಳು ನನ್ನ ತಾಯಿಯೇ. ಆದ್ದರಿಂದ ಮುಂದಿನ ಆದೇಶಕ್ಕೆ ಅವಸರವೇನಿಲ್ಲ. ಸೈಕಲ್ಲನ್ನು ಒಯ್ಯಲೇಬೇಕೆಂದಿದ್ದರೆ ಪೆಟ್ರೋಲು ಸುಡದೆ, ಬರುವ ಎಳ್ಳ ಅಮವಾಸಿಗೆ ತಾವೇ ಸೈಕಲ್ ತುಳಿದುಕೊಂಡು ತಾಂಬಾ ದಾರಿಯಿಂದ ಬರಬೇಕು. ಅಡೆತಡೆ ಯಾವುದೂ ಇಲ್ಲ. ಮಾವನವರಿಗೆ ಹೇಳಿಟ್ಟಿದ್ದೇನೆ.