ನೂರಾ ಎಂಟೇ ಪುಟ

ಕೊಟ್ಟೂರಿನ ಬಸ್ ನಿಲ್ದಾಣದ ಹಿಂದೆ ಡಿಟಿಪಿ ಅಂಗಡಿ ಇಟ್ಟಿದ್ದ ಹುಲುಗೇಶನಿಗೆ ಕಷ್ಟ ಬಂದದ್ದು ಜಪಮಾಲೆಯಿಂದ. ಮಾಲೆಯಲ್ಲಿ ಎಷ್ಟು ಮಣಿಯೋ ತಮ್ಮ ಕವನಗಳ ಇ-ಪುಸ್ತಕದಲ್ಲೂ ಅಷ್ಟೇ ಪುಟ, ಅಂದರೆ ಸರಿಯಾಗಿ ನೂರಾ ಎಂಟು, ಇರಬೇಕೆಂದು ಬೆನಕಪ್ಪ ಸಾಹುಕಾರರ ಹಟ. ಅಚ್ಚಿನ ಪುಸ್ತಕವನ್ನೂ ಅವರು ಹಾಗೇ ಮಾಡಿಸಿದ್ದರು, ಅಕ್ಷರಗಳನ್ನು ಸಾಸಿವೆಯಷ್ಟು ಸಣ್ಣ ಮಾಡಿ. ಹುಲುಗೇಶನ ಮಳಿಗೆಯ ಮಾಲೀಕರೂ ಅವರೇ.

"ಸಂಜಿಗೆ ಬರ್ತೀನಿ. ಒಂದು ಪುಟ ಹೆಚ್ಚುಕಮ್ಮಿ ಆದ್ರೂ ಮಳಿಗಿ ಖಾಲಿ ಮಾಡು" ಎಂದು ತಮ್ಮ ಹೊಸ ಇ-ರೀಡರನ್ನು ಅವನ ಮೇಜಿನ ಮೇಲಿಟ್ಟು ಹೋದರು.

ಪರದೆ ದೊಡ್ಡದಾದರೆ ಪುಟ ಕಮ್ಮಿ, ಅಕ್ಷರ ದೊಡ್ಡದಾದರೆ ಪುಟ ಹೆಚ್ಚು ಎಂದು ಹುಲುಗೇಶ ಮೊದಲೇ ಹೇಳಿ ನೋಡಿದ್ದ. ಸಾಹುಕಾರರು ಅದಕ್ಕೆ ಸೋಮಾರಿತನ ಎಂದು ಹೆಸರಿಟ್ಟಿದ್ದರು.

ಪಕ್ಕದ ಚಹಾದಂಗಡಿಯ ಗಾದಿಲಿಂಗಪ್ಪನ ಮೊಬೈಲಿನಲ್ಲಿ ತೆರೆದು ನೋಡಿದ, ಮುನ್ನೂರು ದಾಟಿತು. ಎದುರಿನ ಟೈಲರ್ ಭೂಮಿಕಾಳ ಟ್ಯಾಬಿನಲ್ಲಿ ಎಪ್ಪತ್ತೂ ಆಗಲಿಲ್ಲ. ಪುಸ್ತಕ ಒಂದು ಕಡೆ ನೆನೆದ ಅವಲಕ್ಕಿಯಂತೆ ಉಬ್ಬಿತು, ಇನ್ನೊಂದು ಕಡೆ ಬೇಯಿಸಿದ ಸೊಪ್ಪಿನಂತೆ ಕುಗ್ಗಿತು. ಕಮ್ಮಿ ಬಿದ್ದ ಕಡೆ ತನ್ನ ಚಹಾದ ಜಾಹೀರಾತು ತುಂಬು ಎಂದ ಗಾದಿಲಿಂಗಪ್ಪ. ರವಿಕೆಗೆ ಬಿಡುವಂತೆ ಅಂಚು ಬಿಡು, ಬೇಕಾದರೆ ಆಮೇಲೆ ಬಿಚ್ಚಬಹುದು ಎಂದಳು ಭೂಮಿಕಾ.

ಅಂಚಿನ ಮಾತು ಹುಲುಗೇಶನಿಗೆ ಹಿಡಿಸಿತು. ಉಳಿದವರ ಯಂತ್ರ ಏನಾದರೂ ಆಗಲಿ, ಸಾಹುಕಾರರದೊಂದು ಸರಿಹೋದರೆ ಸಾಕು ಎಂದುಕೊಂಡು, ಇ-ರೀಡರಿನಲ್ಲಿ ಅಂಚು ಹಿಗ್ಗಿಸಿ, ಅಕ್ಷರ ಕುಗ್ಗಿಸಿ, ಅಂತೂ ನೂರಾ ಎಂಟಕ್ಕೆ ತಂದು ನಿಲ್ಲಿಸಿದ.

ಸಂಜೆ ಸಾಹುಕಾರರು ಹೆಂಡತಿ ನಾಗಲಿಂಗಮ್ಮನನ್ನೂ ಕರೆತಂದರು. ಕೊನೆಯ ಪುಟದ ಸಂಖ್ಯೆ ಕಂಡು ಅವರ ಮುಖ ಅರಳಿತು. ಹುಲುಗೇಶ ಬೆಳಗಿನಿಂದ ಹಿಡಿದಿದ್ದ ಉಸಿರು ಬಿಟ್ಟ.

"ಒಂದಕ್ಷರನೂ ಕಾಣವಲ್ದು" ಎನ್ನುತ್ತ ನಾಗಲಿಂಗಮ್ಮ, ಮೊಮ್ಮಗಳು ಫೋನಿನಲ್ಲಿ ಕಲಿಸಿದಂತೆ, ಪರದೆಯ ಮೇಲೆ ಎರಡು ಬೆರಳು ಅಗಲಿಸಿದರು. ಸಾಸಿವೆಯಂತಿದ್ದ ಅಕ್ಷರ ಕಡಲೆಯಾಯಿತು, ಪುಟಗಳು ಇನ್ನೂರು ದಾಟಿದವು. ಹುಲುಗೇಶ ಮನಸ್ಸಿನಲ್ಲೇ ಕಂಪ್ಯೂಟರಿನ ವೈರು ಸುತ್ತತೊಡಗಿದ.

ಸಾಹುಕಾರರು ಮಾತ್ರ ಪುಟದ ಸಂಖ್ಯೆ ನೋಡಲಿಲ್ಲ, ಹೆಂಡತಿಯನ್ನೇ ನೋಡುತ್ತಿದ್ದರು.

"ನನ್ನ ಕವನ ಇಕಿ ಓದಾಕತ್ಯಾಳ" ಎಂದರು, ಕಣ್ಣೊರೆಸಿಕೊಳ್ಳುತ್ತ. "ಪುಟ ಎಷ್ಟರ ಆಗಲಿ ಬಿಡು ಹುಲುಗೇಶ. ಮಳಿಗ್ಯಾಗ ಆರಾಮ ಇರು."

ಹುಲುಗೇಶನ ಕಣ್ಣಲ್ಲೂ ನೀರು ಬಂತು. ಅಷ್ಟರಲ್ಲಿ ನಾಗಲಿಂಗಮ್ಮ ಗಟ್ಟಿಯಾಗಿ ಓದಿದರು.

"'ನನ್ನಾಕಿ ದನಿಯು ಹಡಗಲಿ ಬಸ್ಸಿನ ಹಾರನ್ನು.' ಇದು ಅಚ್ಚು ಹಾಕಿಸಿದ ಪುಸ್ತಕದಾಗೂ ಐತೇನ್ರಿ?"

ಸಾಹುಕಾರರು ಬಾಗಿಲ ಕಡೆ ನೋಡಿದರು.

"ಇವತ್ತಿಂದ ಹಾರನ್ ಇಲ್ಲದ ಕಡಿ ಇರ್ರಿ" ಎಂದು ಆಕೆ ಇ-ರೀಡರನ್ನು ಚೀಲಕ್ಕೆ ಹಾಕಿಕೊಂಡು ಹೊರಟೇಹೋದರು.

ಮಳಿಗೆ ಖಾಲಿ ಮಾಡುವ ಮಾತು ಮತ್ತೆ ಬರಲಿಲ್ಲ. ಗಾದಿಲಿಂಗಪ್ಪ ತಂದುಕೊಟ್ಟ ಚಹಾ ಹೀರುತ್ತ ಸಾಹುಕಾರರು ಹುಲುಗೇಶನ ಒಂದೇ ಕುರ್ಚಿಯಲ್ಲಿ ಕಾಲು ಚಾಚಿದರು.

"ಹೆಂಗೂ ಇಲ್ಲೇ ಇರ್ತೀನಲ್ಲ, ಎರಡನೇ ಭಾಗ ಹೇಳ್ತೀನಿ. ನಿಂತ್ಕಂಡೇ ಟೈಪ್ ಮಾಡ್ಕ" ಎಂದರು. "ನೂರಾ ಎಂಟೇ ಪುಟ. ಈ ಸಲ ಅಕ್ಷರ ಯಾರೂ ದೊಡ್ಡದು ಮಾಡಬಾರದು ನೋಡು."